ಎರಡು ಪಾವುಗಳ ಲೆಕ್ಕ

ಹುಬ್ಬಳ್ಳಿಯಿಂದ ಬಂದು, ನವಿ ಮುಂಬಯಿಯ ಐರೋಲಿಯಲ್ಲಿ ಕೆಲಸಕ್ಕೆ ಸೇರಿ, ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಕೋಣೆ ಹಿಡಿದು ಎರಡು ತಿಂಗಳಾದ ನೀವು ಕೇಳಿರುವುದು ಇದು. ಮೊದಲ ತಿಂಗಳು ಪೂರ್ತಿ ಹೊರಗೆ ತಿಂದಾಗ ನಿಮಗೆ 7,000 ರೂಪಾಯಿ ಖರ್ಚಾಯಿತು. ಅವ್ವನ ಮಾತು ಕೇಳಿ ಎರಡನೆಯ ತಿಂಗಳು ಕೋಣೆಯಲ್ಲೇ ಅಡುಗೆ ಶುರುಮಾಡಿದರೆ 7,400 ಆಯಿತು. ಹಾಗಾದರೆ ಮನೆಯೂಟ ಅಗ್ಗವೆನ್ನುವುದು ಬರಿಯ ಮಾತೇ, ಆರೋಗ್ಯದ ಊಟವೆನ್ನುವುದು ದೊಡ್ಡ ಸಂಬಳದವರಿಗೆ ಮಾತ್ರ ಇರುವುದೇ? 1998ರಲ್ಲಿ ವಿಜಾಪುರದಿಂದ ಬಂದು ಇದೇ ಡೊಂಬಿವಲಿಯಲ್ಲಿ ಬೇರುಬಿಟ್ಟಿರುವ ನನ್ನನ್ನು ಕೇಳಿದ್ದೀರಿ, ಹೊರನಾಡಿನಲ್ಲಿ ಹೊಟ್ಟೆಯ ವಿಷಯದಲ್ಲಿ ನಾನು ಮಾಡಿದಷ್ಟು ತಪ್ಪನ್ನು ಮಾಡಿದವರು ಕಡಿಮೆ. ಆದ್ದರಿಂದ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮೊದಲು ನೀವು ಕಳಿಸಿದ ಲೆಕ್ಕವನ್ನೇ ನೋಡೋಣ. 7,400ರಲ್ಲಿ ಮೂರು ಲೀಟರ್ ಕುಕ್ಕರು, ತವಾ, ಐದು ಕಿಲೋದ ಸಣ್ಣ ಸಿಲಿಂಡರಿನ ಠೇವಣಿ, ಒಲೆ ಎಲ್ಲ ಸೇರಿ 3,100 ಎಂದು ನೀವೇ ಬರೆದಿದ್ದೀರಿ. ಅದು ಊಟದ ಖರ್ಚಲ್ಲ, ಮನೆ ಹೂಡುವ ಖರ್ಚು. ಅಡುಗೆಯ ತಿಂಗಳಲ್ಲಿಯೂ ಒಂಬತ್ತು ಸಲ ಬೇಸತ್ತು ಮೊಬೈಲಿನಲ್ಲಿ ಊಟ ತರಿಸಿಕೊಂಡಿದ್ದೀರಿ, ಅದಕ್ಕೆ 1,400. ಇವೆರಡನ್ನೂ ಕಳೆದರೆ ನಿಜವಾದ ಅಡುಗೆಯ ಖರ್ಚು 2,900 ಮಾತ್ರ, ಅಂದರೆ ದಿನಕ್ಕೆ ನೂರಕ್ಕಿಂತ ತುಸು ಕಡಿಮೆ. ಅದರಲ್ಲಿಯೂ ಕೊಂಡ ತರಕಾರಿಯಲ್ಲಿ ಅರ್ಧ ಕೊಳೆತು ಹೋಯಿತೆಂದು ಹೇಳಿದ್ದೀರಿ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ, ಏಕೆಂದರೆ ಹಣ ಸೋರುವುದು ಅಲ್ಲಿಯೇ.

ಆರೋಗ್ಯದ ಊಟಕ್ಕೆ ಎಷ್ಟು ಬೇಕೆಂಬುದನ್ನು ಊಹೆಯಿಂದ ಹೇಳುವ ಅಗತ್ಯವಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 2,000 ಕ್ಯಾಲರಿಯ ಒಂದು ದಿನದ ತಟ್ಟೆಯನ್ನು ತೂಕ ಸಮೇತ ಕೊಟ್ಟಿದೆ: ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿಲೀಟರು, ಶೇಂಗಾದಂಥ ಬೀಜಗಳು 35 ಗ್ರಾಂ, ಎಣ್ಣೆ 27 ಗ್ರಾಂ. ಈ ತಟ್ಟೆಗೆ ನಾನು ಇತ್ತೀಚೆಗೆ ನಮ್ಮ ಓಣಿಯ ಅಂಗಡಿಗಳಲ್ಲಿ ಕೊಟ್ಟ ದರವನ್ನು ಹಚ್ಚಿ ನೋಡಿದೆ. ಜೋಳ, ಗೋಧಿ, ಅಕ್ಕಿ ಕೂಡಿ 14 ರೂಪಾಯಿ, ತೊಗರಿ, ಹೆಸರು, ಮಡಿಕೆ ಕಾಳು 12, ತರಕಾರಿ 28, ಒಂದು ಬಾಳೆಹಣ್ಣು 5, ಹಾಲು 18, ಶೇಂಗಾ 6, ಎಣ್ಣೆ 5. ಒಟ್ಟು 88. ಗ್ಯಾಸು, ಉಪ್ಪು, ಮಸಾಲೆಗೆಂದು ಹತ್ತು ಸೇರಿಸಿದರೆ 98. ನಿಮ್ಮ ವಯಸ್ಸಿನವರಿಗೆ ಇನ್ನೂ ಎರಡು ರೊಟ್ಟಿ ಹೆಚ್ಚು ಬೇಕಾದೀತು, ಆದರೆ ಹಸಿವು ಹಿಂಗಿಸುವ ಲೆಕ್ಕದಲ್ಲಿ ಈ ಪಟ್ಟಿಯ ಧಾನ್ಯವೇ ಎಲ್ಲಕ್ಕಿಂತ ಸೋವಿ. ಎರಡು ರೊಟ್ಟಿ ಹೆಚ್ಚಾದರೆ ಲೆಕ್ಕ ನಾಲ್ಕೈದು ರೂಪಾಯಿ ಮೇಲೇರುತ್ತದೆ, ಅಷ್ಟೇ.

ಇನ್ನೊಂದು ತಕ್ಕಡಿಯಲ್ಲಿ ವಡಾಪಾವನ್ನು ಇಡೋಣ. ನಿಮ್ಮ ನಿಲ್ದಾಣದ ಹೊರಗೆ ಒಂದಕ್ಕೆ 18 ರೂಪಾಯಿ ಎಂದಿದ್ದೀರಿ. ಮೂರು ಹೊತ್ತು ಎರಡೆರಡರಂತೆ ತಿಂದರೆ 108. ಅಂದರೆ ಈ ಊರಿನ ಅತ್ಯಂತ ಅಗ್ಗದ ಹೊರಗಿನ ತಿನಿಸಿನಿಂದ ಇಡೀ ದಿನ ದೂಡಿದರೂ ಖರ್ಚು ಮನೆಯ ಪೂರ್ತಿ ತಟ್ಟೆಯಷ್ಟೇ ಬರುತ್ತದೆ. ಆ ತಟ್ಟೆಯಲ್ಲಿದ್ದ ಹಾಲು, ಸೊಪ್ಪು, ಬೇಳೆ, ಹಣ್ಣುಗಳ ಜಾಗದಲ್ಲಿ ಮೈದಾ, ಆಲೂಗಡ್ಡೆ, ಕರಿದ ಎಣ್ಣೆ ಇರುತ್ತವೆ. ಯಾರೂ ಆರು ವಡಾಪಾವು ತಿಂದು ಬದುಕುವುದಿಲ್ಲವೆಂದು ನೀವು ಹೇಳಬಹುದು. ನಿಜ, ಬೆಳಿಗ್ಗೆ ಮಿಸಳ್, ಮಧ್ಯಾಹ್ನ ಥಾಳಿ, ರಾತ್ರಿ ಏನೋ ಒಂದು ಅನ್ನ ಎಂದಾಗುತ್ತದೆ; ಆಗ ಅದು ನೂರೆಂಟಲ್ಲ, ನಿಮ್ಮದೇ ಮೊದಲ ತಿಂಗಳ ಲೆಕ್ಕದಂತೆ ದಿನಕ್ಕೆ ಇನ್ನೂರ ಮೂವತ್ತು ದಾಟುತ್ತದೆ. ಮೊಬೈಲಿನಲ್ಲಿ ತರಿಸಿಕೊಂಡರೆ ಹೋಟೆಲಿನ ದರದ ಮೇಲೆ ಐದು ಶೇಕಡಾ ಜಿಎಸ್‌ಟಿ, ಪೊಟ್ಟಣದ ಹಣ, ತಂದುಕೊಡುವ ಹಣ ಬೇರೆ.

ವಡಾಪಾವನ್ನು ಬೈಯುವುದಕ್ಕೆ ನನಗೆ ಮನಸ್ಸಿಲ್ಲವೆಂಬುದನ್ನು ನಡುವೆ ಹೇಳಿಬಿಡುತ್ತೇನೆ. 1966ರಲ್ಲಿ ದಾದರ್ ನಿಲ್ದಾಣದ ಹೊರಗೆ ಅಶೋಕ್ ವೈದ್ಯರೆಂಬವರು ಇದನ್ನು ಮಾರಲು ಶುರುಮಾಡಿದರೆಂದು ಇಲ್ಲಿನವರು ಹೇಳುತ್ತಾರೆ. ಪಾಳಿಗೆ ಓಡುವ ಗಿರಣಿ ಕಾರ್ಮಿಕ ನಿಂತಲ್ಲೇ ಒಂದು ಕೈಯಲ್ಲಿ ತಿಂದು ಗಾಡಿ ಹಿಡಿಯಲೆಂದು ಹುಟ್ಟಿದ ತಿನಿಸದು. ಅದು ಎರಡು ಊಟಗಳ ನಡುವಿನ ಹಸಿವಿಗೆ ಇದ್ದದ್ದು. ಆ ಕಾರ್ಮಿಕನ ಊಟ ಗಿರಣಿಗಳಿದ್ದ ಪರಳ, ಲಾಲಬಾಗಗಳ ಖಾನಾವಳಿಯಲ್ಲಿ ಹೆಂಗಸರ ಕೈಯಿಂದ ಬೇರೆಯೇ ಆಗುತ್ತಿತ್ತು. ವಡಾಪಾವನ್ನೇ ಊಟವನ್ನಾಗಿ ಮಾಡಿಕೊಂಡವರು ನಮ್ಮಂಥ ಒಂಟಿ ಹುಡುಗರು. ನಾನು ಮೊದಲ ವರ್ಷ ಹಾಗೆಯೇ ಮಾಡಿ, ಎಂಟನೆಯ ತಿಂಗಳಿಗೆ ಎದೆಯುರಿಯಿಂದ ರಾತ್ರಿ ಕುಳಿತೇ ನಿದ್ದೆ ಮಾಡುವಂತಾಗಿ, ವೈದ್ಯರಿಗೂ ಮಾತ್ರೆಗೂ ಕೊಟ್ಟದ್ದನ್ನು ಊಟದ ಖರ್ಚಿನ ಪುಟದಲ್ಲಿ ಬರೆಯಲೇ ಇಲ್ಲ. ಬಾಣಲೆಯ ಎಣ್ಣೆಯನ್ನು ಎಷ್ಟರ ಮಟ್ಟಿಗೆ ಮತ್ತೆ ಮತ್ತೆ ಕಾಯಿಸಬಹುದೆಂಬುದಕ್ಕೆ ಈಗ ಮಿತಿಯಿದೆ. ಹಾಗೆ ಕಾಯಿಸಿದಾಗ ಎಣ್ಣೆ ಕೆಟ್ಟು ಹುಟ್ಟುವ ಪೋಲಾರ್ ಸಂಯುಕ್ತಗಳು ಶೇಕಡಾ 25ನ್ನು ಮೀರಬಾರದೆಂಬ ನಿಯಮ 2018ರ ಜುಲೈಯಿಂದ ಜಾರಿಯಲ್ಲಿದೆ. ಆದರೆ ಅದನ್ನು ಅಳೆಯುವ ಸಲಕರಣೆ ರಸ್ತೆಯ ಬದಿಯ ಗಾಡಿಯಲ್ಲಿ ಕಂಡದ್ದು ನನಗಂತೂ ನೆನಪಿಲ್ಲ.

ಈಗ ಕೊಳೆತ ತರಕಾರಿಗೆ ಬರೋಣ. ಮೇಲಿನ ಪಟ್ಟಿಯಲ್ಲಿ ಅತಿ ದೊಡ್ಡ ಸಂಖ್ಯೆ ಯಾವುದೆಂದು ನೋಡಿ: ತರಕಾರಿ, 28. ಅಂದರೆ ಅಲ್ಲಿ ಅರ್ಧ ಹಾಳಾದರೆ ನಿಮ್ಮ ಮನೆಯೂಟದ ಅಗ್ಗತನವೂ ಅದರ ಜೊತೆಗೇ ಕಸದ ಬುಟ್ಟಿಗೆ ಹೋಗುತ್ತದೆ. ನೀವು ಭಾನುವಾರ ಒಮ್ಮೆಲೇ ವಾರಕ್ಕಾಗುವಷ್ಟು ಕೊಂಡಿರಿ, ಅಲ್ಲವೇ? ನಾನೂ ಕೊಂಡಿದ್ದೆ. ಬಂದ ಹೊಸದರಲ್ಲಿ ದಾದರಿನ ಪೇಟೆಯಲ್ಲಿ ಟೊಮೆಟೊ ಅಗ್ಗವೆಂದು ನಾಲ್ಕು ಕಿಲೋ ಹೊತ್ತು, ತುಂಬಿದ ಲೋಕಲ್ ಗಾಡಿಯಲ್ಲಿ ಎದೆಗವಚಿಕೊಂಡು ತಂದು, ಫ್ರಿಜ್ ಇಲ್ಲದ ಕೋಣೆಯಲ್ಲಿ ಇಟ್ಟೆ. ಅರ್ಧ ಗಾಡಿಯಲ್ಲಿಯೇ ರಸವಾಗಿತ್ತು, ಉಳಿದದ್ದಕ್ಕೆ ಮೂರನೆಯ ದಿನ ಬೂಷ್ಟು ಬಂತು. ನಮ್ಮ ಬಯಲುಸೀಮೆಯ ಒಣಹವೆಯಲ್ಲಿ ವಾರ ಬಾಳುವ ಕಾಯಿ ಈ ಸಮುದ್ರದ ಹವೆಯಲ್ಲಿ ಬಾಳುವುದಿಲ್ಲ, ಮಳೆಗಾಲದಲ್ಲಂತೂ ಇಲ್ಲವೇ ಇಲ್ಲ.

ಇದಕ್ಕೆ ಇಲ್ಲಿನವರೇ ಕಂಡುಕೊಂಡ ಉಪಾಯ ಪಾವು. ನಮ್ಮ ಅಜ್ಜಿಯರು ಅಕ್ಕಿಯನ್ನು ಅಳೆಯುತ್ತಿದ್ದ ಪಾವಿಗೂ ಇಲ್ಲಿನ ತರಕಾರಿಯವನ ಪಾವ್ ಕಿಲೋಗೂ ಅರ್ಥ ಒಂದೇ, ಕಾಲು ಭಾಗ; ರೊಟ್ಟಿಯಂಗಡಿಯ ಪಾವು ಮಾತ್ರ ಪೋರ್ಚುಗೀಸರಿಂದ ಬಂದ ಬೇರೆ ಮಾತು. ನೀವು ಆರಿಸಬೇಕಾದದ್ದು ಈ ಎರಡು ಪಾವುಗಳ ನಡುವೆ ಎಂದು ನಾನು ಹೊಸಬರಿಗೆ ತಮಾಷೆಗೆ ಹೇಳುವುದುಂಟು. ಸಂಜೆ ಗಾಡಿಯಿಂದ ಇಳಿದು ನಿಲ್ದಾಣದ ಮೆಟ್ಟಿಲಿನ ಕೆಳಗೇ ಕಾಲು ಕಿಲೋ ಬೆಂಡೆಯನ್ನೋ ಹೀರೆಯನ್ನೋ ಕೇಳಿ ತೆಗೆದುಕೊಳ್ಳಲು ಇಲ್ಲಿ ಯಾರೂ ನಾಚುವುದಿಲ್ಲ, ಕೊಡುವವನೂ ಮುಖ ಸಿಂಡರಿಸುವುದಿಲ್ಲ. ಅಲ್ಲಿ ಕಿಲೋಗೆ ಐದು ರೂಪಾಯಿ ಹೆಚ್ಚು ಹೋದರೂ ನಿಮಗೆ ಲಾಭವೇ. ಸೊಪ್ಪು ಮಾತ್ರ ತೊಡಕಿನದು, ಕಟ್ಟು ಸಂಸಾರಸ್ಥರ ಅಳತೆಯಲ್ಲಿರುತ್ತದೆ. ಶೇಪು ಎಂದರೆ ನಮ್ಮ ಸಬ್ಬಸಿಗೆ, ಲಾಲ್ ಮಾಠ ಎಂದರೆ ಕೆಂಪು ಹರಿವೆ. ಒಂದು ಕಟ್ಟು ಕೊಂಡ ದಿನವೇ ಬಿಡಿಸಿ, ಅರ್ಧ ಪಲ್ಯಕ್ಕೆ, ಅರ್ಧ ಮರುದಿನದ ಬೇಳೆಗೆ ಎಂದು ಮುಗಿಸಿಬಿಡಿ. ಮಳೆಗಾಲದಲ್ಲಿ ಮೆಂತ್ಯದ ದರ ಕೈಸುಡುವಾಗ ಸೊಪ್ಪನ್ನು ಬಿಟ್ಟು ಮೊಳಕೆ ಕಾಳಿಗೆ ಹೊರಳಿ. ಇಲ್ಲಿ ಮಟಕಿ ಎನ್ನುವ ಮಡಿಕೆ ಕಾಳು ಡಬ್ಬಿಯಲ್ಲಿ ತಿಂಗಳುಗಟ್ಟಲೆ ಕೆಡದೆ ಕೂರುತ್ತದೆ, ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿದರೆ ಮರುದಿನ ತಾನೇ ತರಕಾರಿಯಂತಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಮನೆಯೂಟದ ನಿಜವಾದ ಎದುರಾಳಿ ವಡಾಪಾವಿನ ದರವಲ್ಲ, ರೈಲಿನ ಸಮಯ. ಠಾಣೆಯಲ್ಲಿ ಇಳಿದು ಟ್ರಾನ್ಸ್-ಹಾರ್ಬರ್ ಗಾಡಿ ಹತ್ತಿ ಐರೋಲಿಗೆ ಹೋಗಿ, ಅದೇ ದಾರಿಯಲ್ಲಿ ನೂಕಿಸಿಕೊಂಡು ಹಿಂದಿರುಗಿ ರಾತ್ರಿ ಒಂಬತ್ತಕ್ಕೆ ಬೀಗ ತೆಗೆಯುವವನಿಗೆ ಹಿಟ್ಟು ನಾದಿ, ಲಟ್ಟಿಸಿ, ಬೇಯಿಸಿ ಉಣ್ಣೆಂದು ಹೇಳುವುದು ಸುಲಭ, ಮಾಡುವುದು ಕಷ್ಟ. ನೀವು ಒಂಬತ್ತು ಸಲ ಸೋತದ್ದು ಅಲ್ಲಿಯೇ, ದರ ನೋಡಿ ಅಲ್ಲ. ಆದ್ದರಿಂದ ಪೂರ್ತಿ ಮನೆಯಡುಗೆ, ಪೂರ್ತಿ ಹೊರಗಿನದು ಎಂಬ ಹಟವನ್ನು ಬಿಟ್ಟು, ಹೆಚ್ಚು ಶ್ರಮದ ಒಂದೇ ಒಂದು ಕೆಲಸವನ್ನು ದುಡ್ಡು ಕೊಟ್ಟು ಕೊಳ್ಳಿ. ಆ ಕೆಲಸ ಚಪಾತಿ. ಡೊಂಬಿವಲಿ, ಠಾಣೆ, ದಾದರುಗಳಲ್ಲಿ ಓಣಿಗೊಂದು ಪೋಳಿ-ಭಾಜಿ ಕೇಂದ್ರವಿದೆ. ಪೋಳಿಯೆಂದಾಗ ನಿಮ್ಮ ಬಾಯಲ್ಲಿ ಹೋಳಿಗೆಯ ನೀರೂರಬಹುದು. ಇಲ್ಲಿ ಬರಿಯ ಪೋಳಿ ಎಂದರೆ ಚಪಾತಿ, ಹೂರಣವಿದ್ದರೆ ಮಾತ್ರ ಪೂರಣ ಪೋಳಿ. ನಮ್ಮ ಕೇಂದ್ರದಲ್ಲಿ ಒಂದಕ್ಕೆ ಹತ್ತು ರೂಪಾಯಿ. ಮೂರಕ್ಕೆ ಮೂವತ್ತು ಕೊಟ್ಟರೆ ಅದರಲ್ಲಿ ಹಿಟ್ಟಿನ ಬೆಲೆ ಐದು, ಉಳಿದ ಇಪ್ಪತ್ತೈದು ಯಾರೋ ಒಬ್ಬ ತಾಯಿಯ ಕೈಯ ಶ್ರಮಕ್ಕೆ. ಒಲೆಯ ಮೇಲೆ ಬೇಳೆ, ಅನ್ನ ಒಂದೇ ಕುಕ್ಕರಿನಲ್ಲಿ ಕೂಗುವಷ್ಟರಲ್ಲಿ ಪಕ್ಕದಲ್ಲಿ ಪಲ್ಯ ಆಗುತ್ತದೆ. ನಲವತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಹೀಗೆ ಮಾಡಿದರೂ ದಿನದ ಖರ್ಚು ನೂರ ಇಪ್ಪತ್ತೈದನ್ನು ಹೆಚ್ಚಾಗಿ ದಾಟದು. ಕೇಂದ್ರದ ಭಾಜಿಯನ್ನು ದಿನವೂ ಕೊಳ್ಳಬೇಡಿ, ಅದರಲ್ಲಿ ಎಣ್ಣೆ ತೇಲುತ್ತಿರುತ್ತದೆ.

ಕೋಣೆಯಲ್ಲಿ ಅಡುಗೆಗೆ ಮಾಲೀಕರ ಒಪ್ಪಿಗೆ ಇಲ್ಲದವರಿಗೆ ಊಟ ತಂದುಕೊಡುವ ತಿಂಗಳ ಡಬ್ಬಾ ಇದೆ, ಅದು ಮನೆಯೂಟಕ್ಕೂ ಹೋಟೆಲಿಗೂ ನಡುವಿನ ದರ. ನಿಮಗೆ ಅದರ ಅಗತ್ಯವಿಲ್ಲ. ಆದರೆ ಪಕ್ಕದ ಕೋಣೆಯ ಗದಗಿನ ಹುಡುಗರಿಬ್ಬರ ಮಾತು ಬರೆದಿದ್ದೀರಲ್ಲ, ಅವರ ಜೊತೆ ಒಲೆ ಕೂಡಿಸುವುದನ್ನು ಯೋಚಿಸಿ. ನಾವು ನಾಲ್ವರು ಹಾಗೆ ಕೂಡಿದ ಮೇಲೆ ಸೊಪ್ಪಿನ ಕಟ್ಟು ಒಂದೇ ದಿನಕ್ಕೆ ಮುಗಿಯತೊಡಗಿತು, ಚಪಾತಿ ಮಾಡಿಕೊಡಲು ಕೆಲಸದ ಮಾವಶಿಯೊಬ್ಬರನ್ನು ಇಟ್ಟುಕೊಳ್ಳುವ ತ್ರಾಣವೂ ಬಂತು. ಪಾತ್ರೆ ಯಾರು ತೊಳೆಯಬೇಕೆಂಬ ಜಗಳಕ್ಕೆ ಮಾತ್ರ ಕೊನೆಯ ತನಕ ಪರಿಹಾರ ಸಿಗಲಿಲ್ಲ.

ಮಾಟುಂಗಾಕ್ಕೆ ಹೋಗಿ ಉಡುಪಿ ಊಟ ಮಾಡುವುದನ್ನು ನಿಲ್ಲಿಸಬೇಕೇ ಎಂದೂ ಕೇಳಿದ್ದೀರಿ. ಬೇಡ. ತಿಂಗಳಿಗೊಮ್ಮೆ ಬಾಳೆಯೆಲೆಯ ಮುಂದೆ ಕುಳಿತು ಸಾರು, ಹುಳಿ, ಪಾಯಸ ಉಂಡು ಬರುವುದನ್ನು ಊಟದ ಲೆಕ್ಕದಲ್ಲಿ ಬರೆಯಬೇಡಿ, ಊರಿಗೆ ಹೋಗಿಬಂದ ಲೆಕ್ಕದಲ್ಲಿ ಬರೆಯಿರಿ.

ದೀಪಾವಳಿಗೆ ಹುಬ್ಬಳ್ಳಿಗೆ ಹೋದಾಗ ಅವ್ವನಿಂದ ಖಡಕ್ ರೊಟ್ಟಿಯನ್ನೂ ಶೇಂಗಾ ಚಟ್ನಿಪುಡಿಯನ್ನೂ ಕಟ್ಟಿಸಿಕೊಂಡು ಬನ್ನಿ. ಗಾಡಿ ತಡವಾದ ರಾತ್ರಿ ಎರಡು ರೊಟ್ಟಿಯ ಮೇಲೆ ಪುಡಿ, ಮೊಸರು, ಹಸಿ ಉಳ್ಳಾಗಡ್ಡಿ ಹಾಕಿಕೊಂಡರೆ ಒಲೆ ಹಚ್ಚುವ ಕೆಲಸವೇ ಇಲ್ಲ, ಮೊಬೈಲು ಮುಟ್ಟುವ ಕೆಲಸವೂ ಇಲ್ಲ. ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ಇಲ್ಲದಿದ್ದರೆ ಇಲ್ಲಿನ ಹವೆಗೆ ಎರಡೇ ದಿನದಲ್ಲಿ ರೊಟ್ಟಿ ಚರ್ಮದಂತಾಗುತ್ತದೆ. ತರುವಾಗ ಇಪ್ಪತ್ತು ರೊಟ್ಟಿ ಹೆಚ್ಚಿಗೆ ತನ್ನಿ; ನಮ್ಮ ಮನೆ ನಿಲ್ದಾಣದ ಪೂರ್ವಕ್ಕೆ, ನಡೆದು ಬರುವಷ್ಟು ಹತ್ತಿರದಲ್ಲಿದೆ.