.308 ರೈಫಲ್‌ಗೆ 150 ಮತ್ತು 180 ಗ್ರೇನ್ ಗುಂಡು: ಬ್ಯಾರೆಲ್ ತಿರುವು 1:12 ಸಾಕೇ, 1:10 ಬೇಕೇ?

ನಿಮ್ಮ .308 ವಿಂಚೆಸ್ಟರ್ ರೈಫಲ್‌ಗೆ ಹೊಸ ಬ್ಯಾರೆಲ್ ಹಾಕಿಸುತ್ತಿದ್ದೀರಿ, ಜಿಂಕೆಯಂಥ ಬೇಟೆಗೆ 150 ಗ್ರೇನ್ (ಗುಂಡಿನ ತೂಕದ ಅಳತೆ, ಒಂದು ಗ್ರೇನ್ ಎಂದರೆ ಸುಮಾರು 0.065 ಗ್ರಾಂ) ಗುಂಡನ್ನೂ ಅದಕ್ಕಿಂತ ದೊಡ್ಡ ಪ್ರಾಣಿಗೆ 180 ಗ್ರೇನ್ ಗುಂಡನ್ನೂ ಬಳಸುವ ಉದ್ದೇಶವಿದೆ, ಹೀಗಿರುವಾಗ ಗುಂಡನ್ನು ತಿರುಗಿಸಲು ಬ್ಯಾರೆಲ್‌ನ ಒಳಗೋಡೆಯಲ್ಲಿ ಕೊರೆದಿರುವ ಸುರುಳಿ ಗೀರುಗಳ 1:12 ಮತ್ತು 1:10 ತಿರುವುಗಳಲ್ಲಿ ಯಾವುದನ್ನು ಆರಿಸಬೇಕು ಎಂದು ಕೇಳಿದ್ದೀರಿ. 1:10 ಆರಿಸಿಕೊಳ್ಳಿ ಎಂಬುದು ನನ್ನ ಉತ್ತರ. ಆದರೆ ಅದಕ್ಕೆ ಕಾರಣ ನೀವು ಭಾವಿಸಿರುವಂತೆ ಗುಂಡಿನ ತೂಕವಲ್ಲ, ಅದರ ಉದ್ದ.

ಚೂಪು ಮೂತಿಯ ಗುಂಡಿನಲ್ಲಿ ಗಾಳಿಯ ಒತ್ತಡ ಬೀಳುವ ಬಿಂದು ಭಾರಕೇಂದ್ರಕ್ಕಿಂತ ಮುಂದಿರುತ್ತದೆ. ಆದ್ದರಿಂದ ಗಾಳಿಯು ಗುಂಡನ್ನು ಸದಾ ಮಗುಚಲು ನೋಡುತ್ತಿರುತ್ತದೆ. ಬುಗುರಿಯು ವೇಗವಾಗಿ ತಿರುಗುವಷ್ಟು ಹೊತ್ತು ಮೊಳೆಯ ಮೇಲೆ ನೆಟ್ಟಗೆ ನಿಂತು, ವೇಗ ತಗ್ಗಿದೊಡನೆ ತೂರಾಡುವ ಹಾಗೆ, ಗುಂಡನ್ನೂ ನೆಟ್ಟಗೆ ಹಿಡಿಯುವುದು ಅದರ ತಿರುಗುವಿಕೆಯೇ. ಗುಂಡು ಉದ್ದವಾದಷ್ಟೂ ಗಾಳಿಗೆ ಸಿಗುವ ಹಿಡಿತ ಹೆಚ್ಚುತ್ತದೆ, ಅದನ್ನು ಎದುರಿಸಲು ಬೇಕಾದ ತಿರುವೂ ಹೆಚ್ಚುತ್ತದೆ. 1:10 ಎಂದರೆ ಬ್ಯಾರೆಲ್‌ನೊಳಗೆ 10 ಇಂಚು ಸಾಗುವಷ್ಟರಲ್ಲಿ ಒಂದು ಪೂರ್ಣ ಸುತ್ತು, ಅಂದರೆ ಸಂಖ್ಯೆ ಚಿಕ್ಕದಾದಷ್ಟೂ ತಿರುವು ಬಿಗಿ.

ತೂಕದ ಲೆಕ್ಕ ಬಳಕೆಗೆ ಬಂದದ್ದು ಅನುಕೂಲಕ್ಕಾಗಿ. ಎಲ್ಲರೂ ಸೀಸದ ತಿರುಳಿನ, ಹೆಚ್ಚುಕಡಿಮೆ ಒಂದೇ ಆಕಾರದ ಗುಂಡುಗಳನ್ನು ಬಳಸುತ್ತಿದ್ದಾಗ ತೂಕ ಹೇಳಿದರೆ ಉದ್ದವನ್ನು ಹೇಳಿದಂತೆಯೇ ಆಗುತ್ತಿತ್ತು. ಪೂರ್ತಿ ತಾಮ್ರದಿಂದ ಮಾಡಿದ ಬೇಟೆಗುಂಡುಗಳು ಬಂದ ಮೇಲೆ ಆ ಲೆಕ್ಕ ತಪ್ಪಿತು. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.3 ಗ್ರಾಂ, ತಾಮ್ರದ್ದು 8.96 ಗ್ರಾಂ; ಆದ್ದರಿಂದ ಅದೇ ತೂಕ ತುಂಬಲು ತಾಮ್ರದ ಗುಂಡು ಉದ್ದವಾಗಲೇಬೇಕು. ಗುಂಡಿನ ಸ್ಥಿರತೆಯನ್ನು ಅಂದಾಜಿಸುವ ಡಾನ್ ಮಿಲ್ಲರ್ ಅವರ ಸೂತ್ರದಲ್ಲಿ ಲೆಕ್ಕ ಹಾಕಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಸೆಕೆಂಡಿಗೆ 2600 ಅಡಿ ವೇಗದಲ್ಲಿ ಹೊರಡುವ 180 ಗ್ರೇನ್‌ನ ಎರಡು ಗುಂಡುಗಳಿವೆ ಎಂದಿಟ್ಟುಕೊಳ್ಳಿ: ಒಂದು ಸೀಸದ ತಿರುಳಿನದು, ಉದ್ದ 1.25 ಇಂಚು, ಇನ್ನೊಂದು ತಾಮ್ರದ್ದು, ಉದ್ದ 1.4 ಇಂಚು. 1:12 ಬ್ಯಾರೆಲ್‌ನಲ್ಲಿ ಮೊದಲನೆಯದರ ಸ್ಥಿರತೆಯ ಅಂಕ ಸುಮಾರು 1.7 ಬರುತ್ತದೆ, ಎರಡನೆಯದರದು ಸುಮಾರು 1.2 ಮಾತ್ರ. ಅಂಕ 1ಕ್ಕಿಂತ ಕೆಳಗಿಳಿದರೆ ಗುಂಡು ಉರುಳುತ್ತದೆ, ಬೇಟೆಗೆ 1.4ರಿಂದ 1.5ರಷ್ಟಾದರೂ ಇರಲಿ ಎಂಬುದು ರೂಢಿ. ಅದೇ ತಾಮ್ರದ ಗುಂಡನ್ನು 1:10 ಬ್ಯಾರೆಲ್‌ನಿಂದ ಹಾರಿಸಿದರೆ ಅಂಕ 1.7ಕ್ಕೆ ಏರುತ್ತದೆ.

ನಾನು ಇದನ್ನು ಕಲಿತದ್ದು ಸೂತ್ರದಿಂದಲ್ಲ. ನನ್ನ ಹಳೆಯ 1:12 ಬ್ಯಾರೆಲ್ 165 ಗ್ರೇನ್‌ನ ಸೀಸದ ಗುಂಡುಗಳನ್ನು ವರ್ಷಗಟ್ಟಲೆ ಒಂದೇ ಕಡೆ ಗುಂಪಾಗಿ ಹೊಡೆಯುತ್ತಿತ್ತು. ಆ ನಂಬಿಕೆಯಿಂದಲೇ ತಾಮ್ರದ 180 ಗ್ರೇನ್ ಗುಂಡಿನ ಪೆಟ್ಟಿಗೆಯೊಂದನ್ನು ಕೊಂಡುತಂದೆ. ಬೇಸಿಗೆಯಲ್ಲಿ ಗುಂಪು ಪರವಾಗಿಲ್ಲ ಅನ್ನಿಸಿತು; ಚಳಿಗಾಲದ ಒಂದು ಬೆಳಿಗ್ಗೆ ಅದೇ ಗುಂಡುಗಳು ಚದುರಿ ಬಿದ್ದವು, ಗುರಿಹಲಗೆಯ ಕಾಗದದಲ್ಲಿ ಕೆಲವು ತೂತುಗಳು ದುಂಡಗಿರದೆ ಮೊಟ್ಟೆಯಾಕಾರಕ್ಕೆ ತಿರುಗಿದ್ದವು. ಮೊದಲು ರೈಫಲ್ ಮೇಲಿನ ಗುರಿ ದೂರದರ್ಶಕದ ತಿರುಪು ಸಡಿಲವಾಗಿದೆಯೆಂದು ಅದನ್ನೇ ಬಿಗಿದು ಅರ್ಧ ದಿನ ಕಳೆದೆ. ತಣ್ಣನೆಯ ಗಾಳಿ ಹೆಚ್ಚು ಸಾಂದ್ರವಾಗಿರುವುದರಿಂದ ಅಂಚಿನಲ್ಲಿದ್ದ ಸ್ಥಿರತೆ ಇನ್ನಷ್ಟು ಕುಸಿದಿತ್ತು ಎಂಬುದು ಹೊಳೆದದ್ದು ಆಮೇಲೆ. ಅಮೆರಿಕದ ಸೈನ್ಯಕ್ಕೂ ಎಂ16 ರೈಫಲ್‌ನ ಆರಂಭದ ದಿನಗಳಲ್ಲಿ ಇದೇ ಪಾಠವಾಗಿತ್ತು: ಕೊರೆಯುವ ಚಳಿಯಲ್ಲಿ 1:14 ತಿರುವು ಸಾಲದೆಂದು ಕಂಡು 1:12ಕ್ಕೆ ಬದಲಿಸಿದರು.

ಬೇಟೆಯ ರೈಫಲ್‌ಗಳಲ್ಲಿ ಈ ಆಯ್ಕೆ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ 1955ರ ಉದಾಹರಣೆಯಿದೆ. ಆ ವರ್ಷ ವಿಂಚೆಸ್ಟರ್ ಕಂಪನಿ ತನ್ನ ಹೊಸ .243 ಕಾರ್ಟ್ರಿಡ್ಜಿನ (ತೋಟಾ) ರೈಫಲ್‌ಗೆ 1:10 ತಿರುವು ಕೊಟ್ಟಿತು; ಪ್ರತಿಸ್ಪರ್ಧಿ ರೆಮಿಂಗ್ಟನ್ ತನ್ನ .244 ಅನ್ನು ಹಗುರ ಗುಂಡುಗಳಿಗಾಗಿ ಎಣಿಸಿ 1:12 ಇಟ್ಟಿತು. ಜಿಂಕೆಗೆ 100 ಗ್ರೇನ್ ಗುಂಡು ಬೇಕೆಂದವರು .243ರತ್ತ ಹೋದರು. 1963ರಲ್ಲಿ ರೆಮಿಂಗ್ಟನ್ ಅದೇ ಕಾರ್ಟ್ರಿಡ್ಜನ್ನು 6 ಮಿಮೀ ರೆಮಿಂಗ್ಟನ್ ಎಂಬ ಹೊಸ ಹೆಸರಿನಲ್ಲಿ, 1:9 ತಿರುವಿನೊಂದಿಗೆ ತಂದರೂ .243ರ ಜನಪ್ರಿಯತೆಯನ್ನು ಮುಟ್ಟಲಾಗಲಿಲ್ಲ.

ಬಿಗಿ ತಿರುವಿನಿಂದ 150 ಗ್ರೇನ್ ಗುಂಡು ಕೆಡುವುದಿಲ್ಲವೇ ಎಂಬ ನಿಮ್ಮ ಅಳುಕಿಗೆ ಈ ಬೋರಿನಲ್ಲಿ (ಬ್ಯಾರೆಲ್‌ನ ಒಳವ್ಯಾಸದಲ್ಲಿ) ಆಧಾರವಿಲ್ಲ. ಸೆಕೆಂಡಿಗೆ 2800 ಅಡಿ ವೇಗ ಮತ್ತು 1:10 ತಿರುವಿಗೆ ಗುಂಡು ನಿಮಿಷಕ್ಕೆ ಸುಮಾರು 2 ಲಕ್ಷ ಸುತ್ತು ತಿರುಗುತ್ತದೆ, ಬೇಟೆಗುಂಡಿನ ಕವಚ ಅದನ್ನು ಸುಲಭವಾಗಿ ತಾಳುತ್ತದೆ. ಗಾಳಿಯಲ್ಲೇ ಸಿಡಿದುಹೋಗುವ ಅಪಾಯವಿರುವುದು ತೆಳು ಕವಚದ, ಅತಿವೇಗದ ಸಣ್ಣ ಗುಂಡುಗಳಿಗೆ. ಇದೇ ವ್ಯಾಸದ ಗುಂಡು ಬಳಸುವ .30-06 ರೈಫಲ್‌ಗಳು ಬಹುಕಾಲದಿಂದ 1:10 ತಿರುವಿನಲ್ಲೇ 150ರಿಂದ 220 ಗ್ರೇನ್‌ವರೆಗಿನ ಗುಂಡುಗಳನ್ನು ಹೊಡೆಯುತ್ತಾ ಬಂದಿವೆ.

ಹಳೆಯ ಗ್ರೀನ್‌ಹಿಲ್ ಸೂತ್ರವನ್ನು ನೀವು ಉಲ್ಲೇಖಿಸಿದ್ದೀರಿ. ಅದು 1879ರದು: 150ನ್ನು ಗುಂಡಿನ ವ್ಯಾಸದ ವರ್ಗದಿಂದ ಗುಣಿಸಿ, ಉದ್ದದಿಂದ ಭಾಗಿಸಿದರೆ ಬೇಕಾದ ತಿರುವು ಇಂಚಿನಲ್ಲಿ ಸಿಗುತ್ತದೆ. ನಿಮ್ಮ ಗುಂಡಿನ ವ್ಯಾಸ 0.308 ಇಂಚು, ಉದ್ದ 1.2 ಇಂಚಾದರೆ ಉತ್ತರ 11.9, ಉದ್ದ 1.4 ಆದರೆ 10.2. ಸ್ಥೂಲವಾಗಿ ನೋಡಲು ಸಾಕು, ಆದರೆ ಅದು ಸೀಸದ ಗುಂಡನ್ನು ಲೆಕ್ಕಕ್ಕಿಟ್ಟುಕೊಂಡ ಸೂತ್ರವಾದ್ದರಿಂದ ತಾಮ್ರಕ್ಕೆ ಇನ್ನೂ ಸ್ವಲ್ಪ ಬಿಗಿ ಬೇಕು. ಗುಂಡಿನ ಉದ್ದವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ನೀವೇ ಅಳೆಯಿರಿ, ಪ್ಲಾಸ್ಟಿಕ್ ತುದಿಯಿದ್ದರೆ ಅದು ತೂಕವಿಲ್ಲದ ಉದ್ದವೆಂಬುದನ್ನು ನೆನಪಿಡಿ.

ಈಗಿರುವ ಬ್ಯಾರೆಲ್‌ನ ಮೇಲೆ ಕೆತ್ತಿರುವ ಅಂಕಿಯನ್ನೂ ಕಣ್ಣುಮುಚ್ಚಿ ನಂಬಬೇಡಿ. ರೈಫಲ್ ಖಾಲಿಯಿರುವುದನ್ನು ಎರಡು ಬಾರಿ ನೋಡಿ, ಹಿಡಿ ಸಲೀಸಾಗಿ ತಿರುಗುವ ಸ್ವಚ್ಛತಾ ಕಡ್ಡಿಗೆ ಬಟ್ಟೆಯನ್ನು ಬಿಗಿಯಾಗಿ ಸುತ್ತಿ ಒಳತೂರಿಸಿ, ಕಡ್ಡಿಯ ಮೇಲೊಂದು ಗುರುತು ಹಾಕಿ ನಿಧಾನವಾಗಿ ಎಳೆಯಿರಿ. ಗುರುತು ಒಂದು ಪೂರ್ಣ ಸುತ್ತು ತಿರುಗಿ ಮತ್ತೆ ಮೇಲಕ್ಕೆ ಬರುವಷ್ಟರಲ್ಲಿ ಕಡ್ಡಿ ಎಷ್ಟು ಇಂಚು ಹೊರಬಂದಿದೆಯೋ ಅದೇ ನಿಮ್ಮ ತಿರುವು. ಅದು 12 ಎಂದು ಬಂದು, ನೀವು ಸೀಸದ ತಿರುಳಿನ ಗುಂಡಿಗೇ ನಿಲ್ಲುವವರಾದರೆ, ಹೊಸ ಬ್ಯಾರೆಲ್‌ನ ಖರ್ಚೇ ಬೇಡ.