ಚಾಸಿ ಸಂಖ್ಯೆಯ ಆರಂಭದಲ್ಲಿ ಎರಡು ‘ವಿ’

ಪ್ರಶ್ನೆ: ನಮ್ಮ ಅಜ್ಜ ಧಾರವಾಡದಿಂದ ಖಡಕಿಯ ಮದ್ದುಗುಂಡು ಕಾರ್ಖಾನೆಯ ನೌಕರಿಗೆ ಬಂದವರು. ಅವರು ಓಡಿಸುತ್ತಿದ್ದ ಬಿಎಸ್‌ಎ ಮೋಟಾರ್ ಸೈಕಲ್ಲು ಈಗ ನಮ್ಮ ಕೋಥ್ರೂಡಿನ ಮನೆಯಲ್ಲಿದೆ. ಆರ್‌ಸಿ ಪುಸ್ತಕದಲ್ಲಿ 1948 ಎಂದಿದೆ. ಚಾಸಿ ಸಂಖ್ಯೆ ‘ವಿವಿಎಂ20’ ಎಂದು ಆರಂಭವಾಗುತ್ತದೆ. ಇಂಥ ಮಾದರಿ ಯಾವ ಪಟ್ಟಿಯಲ್ಲೂ ಸಿಗಲಿಲ್ಲ. ಎಂಜಿನ್ನಿನ ಮೇಲಿನ ಅಂಕಿಗಳೂ ಬೇರೆಯಾಗಿರುವುದರಿಂದ ಇದು ಎರಡು ಗಾಡಿಗಳನ್ನು ಸೇರಿಸಿ ಮಾಡಿದ್ದೆಂದು ನಾನಾ ಪೇಠೆಯ ಮೆಕ್ಯಾನಿಕ್ ಒಬ್ಬರು ಹೇಳುತ್ತಾರೆ. ಇದು ನಿಜವೇ?
— ಓದುಗರೊಬ್ಬರು, ಪುಣೆ

ಉತ್ತರ: ನೀವು ಕಳಿಸಿದ ಚಿತ್ರವನ್ನು ನೋಡಿದರೆ ಅಲ್ಲಿರುವುದು ಎರಡು ‘ವಿ’ ಅಲ್ಲ, ಒಂದೇ ‘ಡಬ್ಲ್ಯೂ’. ಅಚ್ಚಿನ ನಡುಭಾಗದಲ್ಲಿ ಬಣ್ಣ ತುಂಬಿಕೊಂಡು ಅಕ್ಷರ ಎರಡಾಗಿ ಸೀಳಿದಂತೆ ಕಾಣುತ್ತಿದೆ; ಆರ್‌ಸಿ ಬರೆದವರು ಕಂಡದ್ದನ್ನು ಕಂಡಂತೆಯೇ ಇಳಿಸಿಕೊಂಡಿರಬೇಕು. ಹಾಗೆ ಓದಿದರೆ ಅದು ‘ಡಬ್ಲ್ಯೂಎಂ20’, ಅಂದರೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ ಕಾರ್ಖಾನೆ ಸೈನ್ಯಕ್ಕಾಗಿ ತಯಾರಿಸಿದ ಎಂ20. ಇಂಥ ಗಾಡಿಗಳು ಸುಮಾರು 1,26,000 ತಯಾರಾದವು.

ಹಾಗಿದ್ದರೆ 1948 ಎಲ್ಲಿಂದ ಬಂತು ಎಂಬುದು ಸಹಜವಾದ ಸಂದೇಹ. ಯುದ್ಧ ಮುಗಿದ ಮೇಲೆ ಸೈನ್ಯವು ಹೆಚ್ಚುವರಿ ವಾಹನಗಳನ್ನು ವಿಲೇವಾರಿ ಮಾಡಿದಾಗ ಅವುಗಳನ್ನು ಕೊಂಡ ನಾಗರಿಕರು ತಮ್ಮ ಹೆಸರಿನಲ್ಲಿ ಮೊದಲ ಬಾರಿಗೆ ನೋಂದಣಿ ಮಾಡಿಸಿದ ವರ್ಷವೇ ಪುಸ್ತಕದಲ್ಲಿ ಮಾದರಿಯ ವರ್ಷವಾಗಿ ಉಳಿದಿರುವುದುಂಟು. ನಿಮ್ಮ ಗಾಡಿಯ ಕಥೆಯೂ ಅದೇ ಇರಬಹುದು. ಖಡಕಿಯಂಥ ದಂಡಿನ ಊರಿನಲ್ಲಿ ಅದು ಅಜ್ಜನವರ ಕೈಸೇರಿದ್ದರಲ್ಲಿ ಆಶ್ಚರ್ಯವೂ ಇಲ್ಲ.

ಅಂಕಿಗಳು ಬೇರೆಯಾಗಿವೆ ಎಂಬುದನ್ನೇ ಆಧಾರವಾಗಿಟ್ಟುಕೊಂಡು ಮೆಕ್ಯಾನಿಕ್ ಹೇಳಿದ ಮಾತನ್ನು ನಾನು ಒಪ್ಪುವುದಿಲ್ಲ. 1950ರ ದಶಕದಿಂದೀಚಿನ ಟ್ರಯಂಫ್ ಗಾಡಿಗಳಲ್ಲಿ ಎರಡೂ ಸಂಖ್ಯೆಗಳು ಒಂದೇ ಆಗಿರಬೇಕೆಂದು ನಿರೀಕ್ಷಿಸುವುದು ಸರಿ. ಬಿಎಸ್‌ಎ ಕಾರ್ಖಾನೆಯಲ್ಲಾದರೋ ಚಾಸಿಗೊಂದು, ಎಂಜಿನ್ನಿಗೊಂದು ಸರಣಿ ಪ್ರತ್ಯೇಕವಾಗಿ ನಡೆಯುತ್ತಿದ್ದುದರಿಂದ 1960ರ ದಶಕದ ಕೊನೆಯ ಭಾಗದವರೆಗೂ ಅವು ಹೊಂದದಿರುವುದೇ ವಾಡಿಕೆಯಾಗಿತ್ತು. ಎರಡೂ ಕಡೆ ಒಂದೇ ಅಂಕಿ ಹೊತ್ತ ಎಂ20 ಮಾರಾಟಕ್ಕೆ ಬಂದರೆ ನಾನು ಮೊದಲು ಅನುಮಾನಿಸುವುದು ಅದನ್ನೇ.

ಆದರೂ ಎಂಜಿನ್ ಬದಲಾಗಿಲ್ಲವೆಂದು ಇಷ್ಟರಿಂದಲೇ ಹೇಳಲಾಗದು. ಸಿಲಿಂಡರಿನ ಬುಡಕ್ಕೆ, ಎಡಗಡೆಯ ಕ್ರ್ಯಾಂಕ್‌ಕೇಸಿನ ಮೇಲೆ ಇರುವ ಸಂಖ್ಯೆಯ ಆರಂಭದಲ್ಲೂ ‘ಡಬ್ಲ್ಯೂಎಂ20’ ಇದೆಯೇ ನೋಡಿರಿ. ಇದು ಸೈಡ್ ವಾಲ್ವ್ ಎಂಜಿನ್ನಾದ್ದರಿಂದ ಹೆಡ್ಡಿನಲ್ಲಿ ವಾಲ್ವ್‌ಗಳಿಲ್ಲ, ಬಿಚ್ಚುವುದು ಸುಲಭ. ಬಿಚ್ಚಿದಾಗ ಪಿಸ್ಟನ್ ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗೆ ಎಷ್ಟು ಚಲಿಸುತ್ತದೆಂದು ಅಳೆಯಿರಿ. ಅದು 94 ಮಿಲಿಮೀಟರ್ ಇದ್ದರೆ 496 ಸಿಸಿಯ ಎಂ20. 112 ಇದ್ದರೆ, ಹೊರನೋಟಕ್ಕೆ ಅದರಂತೆಯೇ ಕಾಣುವ 591 ಸಿಸಿಯ ಎಂ21. ಎರಡರ ಬೋರೂ, ಅಂದರೆ ಸಿಲಿಂಡರಿನ ಒಳವ್ಯಾಸವೂ, 82 ಮಿಲಿಮೀಟರೇ ಆದ್ದರಿಂದ ಬೋರನ್ನಷ್ಟೇ ಅಳೆದರೆ ಏನೂ ತಿಳಿಯದು. ಮುಂದಿನ ಫೋರ್ಕ್ ನಡುವೆ ದೊಡ್ಡ ಸ್ಪ್ರಿಂಗ್ ಇರುವ ಗರ್ಡರ್ ಮಾದರಿಯದಾಗಿರಬೇಕು. ಒಂದು ಕೊಳವೆಯೊಳಗೆ ಇನ್ನೊಂದು ಜಾರುವ ಟೆಲಿಸ್ಕೋಪಿಕ್ ಫೋರ್ಕ್ ಇದ್ದರೆ ಅದನ್ನು ಆಮೇಲೆ ಯಾರೋ ಹಾಕಿಸಿದ್ದಾರೆಂದು ತಿಳಿಯಿರಿ.

ಚಾಸಿ ಸಂಖ್ಯೆಯ ಮೇಲಿನ ಬಣ್ಣವನ್ನು ಪೇಂಟ್ ರಿಮೂವರ್ ಹಚ್ಚಿ ಬಟ್ಟೆಯಿಂದ ಒರೆಸಿ ತೆಗೆಯಿರಿ, ಗ್ರೈಂಡರ್ ಮಾತ್ರ ಹತ್ತಿರ ತರಬೇಡಿರಿ. ಟಾರ್ಚನ್ನು ನೇರವಾಗಿ ಬಿಡದೆ ಪಕ್ಕದಿಂದ ಓರೆಯಾಗಿ ಹಿಡಿದರೆ ಅಚ್ಚಿನ ಆಳ ಎದ್ದು ಕಾಣುತ್ತದೆ. ಟ್ಯಾಂಕಿನ ಬಣ್ಣವನ್ನೂ ಪದರ ಪದರವಾಗಿ ಮೆಲ್ಲಗೆ ಉಜ್ಜಿ ತೆಗೆಯುವುದು ಒಳ್ಳೆಯದು, ಏಕೆಂದರೆ ಬ್ರಿಟಿಷ್ ಸೈನ್ಯ ತನ್ನ ಮೋಟಾರ್ ಸೈಕಲ್ಲುಗಳ ಟ್ಯಾಂಕಿನ ಮೇಲೆ ‘ಸಿ’ ಅಕ್ಷರದಿಂದ ಆರಂಭವಾಗುವ ಗಣತಿ ಸಂಖ್ಯೆಯನ್ನು, ಅಂದರೆ ವಾಹನದ ಸೈನಿಕ ಗುರುತಿನ ಸಂಖ್ಯೆಯನ್ನು, ಬರೆಯುತ್ತಿತ್ತು. ಅದರ ಗುರುತು ಸಿಕ್ಕಿದರೆ, ಗಾಡಿ ಸೈನ್ಯದ ಯಾವ ಗುತ್ತಿಗೆಯಲ್ಲಿ ತಯಾರಾಯಿತೆಂದು ಹುಡುಕಲು ಚಾಸಿ ಸಂಖ್ಯೆಯ ಜೊತೆಗೆ ಎರಡನೆಯ ಸಾಕ್ಷಿಯೊಂದು ದೊರೆತಂತಾಗುತ್ತದೆ. ಟ್ಯಾಂಕಿಗೆ ಹೊಳೆಯುವ ಕ್ರೋಮ್ ಮಾಡಿಸುವ ಉತ್ಸಾಹವಿದ್ದರೆ ಅದನ್ನು ಆಮೇಲೆ ನೋಡೋಣ.

ಇನ್ನು ನೋಂದಣಿಯ ವಿಷಯ. ಐವತ್ತು ವರ್ಷ ಮೀರಿ, ಮೂಲರೂಪದಲ್ಲೇ ಉಳಿದಿರುವ ವಾಹನಗಳಿಗೆ 2021ರ ಕೇಂದ್ರ ನಿಯಮಗಳಲ್ಲಿ ವಿಂಟೇಜ್ ನೋಂದಣಿಯ ಅವಕಾಶವಿದೆ. ಈಗಾಗಲೇ ನೋಂದಣಿಯಾದವು ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಅದಕ್ಕೆ ಅರ್ಜಿ ಹಾಕುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ಪುಸ್ತಕದ ‘ವಿವಿ’ಯನ್ನು ತಿದ್ದಿಸಿಕೊಳ್ಳಿರಿ. ಪುಸ್ತಕಕ್ಕೆ ಹೊಂದಲಿ ಎಂದು ಚಾಸಿಯ ಮೇಲೆ ಹೊಸದಾಗಿ ಅಚ್ಚು ಹೊಡೆಸಿಕೊಡುವುದಾಗಿ ಯಾರಾದರೂ ಮುಂದೆ ಬಂದರೆ ಖಂಡಿತ ಒಪ್ಪಬೇಡಿರಿ. ಈಗ ಬರಿಯ ಬರವಣಿಗೆಯ ತಪ್ಪಾಗಿರುವುದು ಆಗ ಕಳವಿನ ಗಾಡಿಯೆಂಬ ಅನುಮಾನಕ್ಕೆ ಕಾರಣವಾಗುತ್ತದೆ.