ಸೆಕೆಂಡ್ ಹ್ಯಾಂಡ್ ಹೋಂಡಾ ಸಿಟಿ ಆಟೋಮ್ಯಾಟಿಕ್ (2015) ತಗೊಂಡಿದ್ದೇನೆ. ಗೇರ್‌ಬಾಕ್ಸ್‌ಗೆ ಯಾವ ಎಟಿಎಫ್ ಹಾಕಿಸಲಿ?

ಎಟಿಎಫ್ (ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್, ಅಂದರೆ ಹಳೇ ಮಾದರಿಯ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್) ಹಾಕಿಸಲೇಬೇಡಿ ಸರ್. 2014ರಿಂದ ಬಂದ ಸಿಟಿ ಪೆಟ್ರೋಲ್ ಆಟೋಮ್ಯಾಟಿಕ್‌ನಲ್ಲಿ ಇರುವುದು ಸಿವಿಟಿ, ಅಂದರೆ ಪುಲ್ಲಿ-ಬೆಲ್ಟ್ ಮೇಲೆ ನಡೆಯುವ ಗೇರ್‌ಬಾಕ್ಸ್. ಅದಕ್ಕೆ ಹೋಂಡಾ ಹೇಳಿರುವ ಆಯಿಲ್ ಎಚ್‌ಸಿಎಫ್-2. ಡಬ್ಬಿಯ ಮೇಲೆ ಈ ಹೆಸರೇ ಇರಬೇಕು.

ಹುಬ್ಬಳ್ಳಿಯಲ್ಲಿ ಮೂರು ಸ್ಪೇರ್ ಅಂಗಡಿಗೆ ಹೋದೆ, ಮೂವರೂ ಬೇರೆ ಬೇರೆ ಆಯಿಲ್ ತೋರಿಸಿದರು, ಒಬ್ಬರಂತೂ "ಎಲ್ಲಾ ಒಂದೇರಿ, ಕೆಂಪು ಆಯಿಲ್ ಯಾವ್ದಾದ್ರೂ ನಡೀತೈತಿ" ಅಂದರು ಎಂದು ಬರೆದಿದ್ದೀರಿ. ನಾನು ಧಾರವಾಡದಲ್ಲಿ ಗ್ಯಾರೇಜ್ ಕೆಲಸದಲ್ಲಿದ್ದೇನೆ. ಈ ಮಾತು ನಮ್ಮ ಕಡೆ ತುಂಬಾ ಓಡಾಡುತ್ತದೆ. ಇದನ್ನು ನಂಬಿ ಒಳ್ಳೆಯ ಗೇರ್‌ಬಾಕ್ಸ್ ಹಾಳಾಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಬಣ್ಣದ ವಿಷಯ. ಆ ಕೆಂಪು ಬಣ್ಣ, ಆಯಿಲ್ ಕಂಪನಿಯವರು ಸೇರಿಸುವ ಬರೀ ಡೈ. ಸೋರಿದರೆ ಎಂಜಿನ್ ಆಯಿಲ್ ಅಲ್ಲ, ಗೇರ್‌ಬಾಕ್ಸ್‌ನದ್ದು ಎಂದು ಗೊತ್ತಾಗಲಿ ಅಂತ ಹಾಕುತ್ತಾರೆ. ಎರಡು ಡಬ್ಬಿಯಲ್ಲೂ ಕೆಂಪು ಆಯಿಲ್ ಇದ್ದ ಮಾತ್ರಕ್ಕೆ ಒಳಗಿರುವ ಮಾಲು ಒಂದೇ ಆಗುವುದಿಲ್ಲ.

ನಮ್ಮ ದೇಶದಲ್ಲಿ ಕ್ಲಚ್ ಪೆಡಲ್ ಇಲ್ಲದ ಗಾಡಿಗೆಲ್ಲ "ಆಟೋಮ್ಯಾಟಿಕ್" ಅಂದುಬಿಡುತ್ತೇವೆ. ಆದರೆ ಕೆಳಗೆ ಇರುವ ಗೇರ್‌ಬಾಕ್ಸ್ ನಾಲ್ಕು ತರಹದ್ದು. ಸೆಲೆರಿಯೋ ಜೊತೆ 2014ರಲ್ಲಿ ಬಂದು ಜನಪ್ರಿಯವಾದ ಎಎಂಟಿ ಒಂದು. ಅದು ಮೂಲದಲ್ಲಿ ಮ್ಯಾನ್ಯುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನು ಯಂತ್ರ ಮಾಡುತ್ತದೆ ಅಷ್ಟೇ. ಆದ್ದರಿಂದ ಗೇರ್‌ಗಳಿಗೆ ಮ್ಯಾನ್ಯುಯಲ್ ಗಾಡಿಯ ಗೇರ್ ಆಯಿಲ್ಲೇ ಹೋಗುತ್ತದೆ, ಎಟಿಎಫ್ ಅಲ್ಲ. ಇನ್ನೊಂದು ಎರಡು ಕ್ಲಚ್ ಇರುವ ಡ್ಯುಯಲ್ ಕ್ಲಚ್, ಅದರ ಆಯಿಲ್ಲೇ ಬೇರೆ. ಮೂರನೆಯದು ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಎಳೆತವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಇರುವ ಹಳೇ ಮಾದರಿಯ ಆಟೋಮ್ಯಾಟಿಕ್. ನಿಜವಾದ ಎಟಿಎಫ್ ಬೇಕಾಗುವುದು ಇದಕ್ಕೆ. ನಾಲ್ಕನೆಯದು ನಿಮ್ಮ ಸಿವಿಟಿ.

ಸಿವಿಟಿಯಲ್ಲಿ ಸಾಮಾನ್ಯ ಗೇರ್‌ಬಾಕ್ಸ್‌ನಂತೆ ಒಂದೊಂದು ವೇಗಕ್ಕೆ ಒಂದೊಂದು ಜೋಡಿ ಹಲ್ಲಿನ ಗೇರ್ ಇಲ್ಲ. ಎರಡು ಪುಲ್ಲಿ, ನಡುವೆ ಒಂದು ಉಕ್ಕಿನ ಬೆಲ್ಟ್. ಪುಲ್ಲಿಗಳು ಅಗಲ-ಕಿರಿದು ಆದಂತೆ ಅನುಪಾತ ಬದಲಾಗುತ್ತದೆ. ಎಂಜಿನ್ನಿನ ಪೂರ್ತಿ ಎಳೆತ ಚಕ್ರಕ್ಕೆ ಹೋಗುವುದು ಉಕ್ಕು ಉಕ್ಕನ್ನು ಹಿಡಿದುಕೊಳ್ಳುವುದರಿಂದ. ಅಂದರೆ ಆಯಿಲ್ ಜಾರಿಸಲೂ ಬೇಕು, ಜಾರದ ಹಾಗೆ ಹಿಡಿತವನ್ನೂ ಕೊಡಬೇಕು. ಎಟಿಎಫ್‌ನಲ್ಲಿರುವ ರಾಸಾಯನಿಕಗಳನ್ನು ತಯಾರಿಸಿರುವುದು ಬೇರೆ ಕೆಲಸಕ್ಕೆ. ಕಾಗದದಂಥ ಪದರ ಇರುವ ಕ್ಲಚ್ ಪ್ಲೇಟುಗಳು ಆಯಿಲ್‌ನಲ್ಲಿ ಮುಳುಗಿದ್ದೂ ನಯವಾಗಿ ಕೂಡಿಕೊಳ್ಳಲಿ ಎಂದು. ಅದನ್ನು ಸಿವಿಟಿಗೆ ಹಾಕಿದರೆ ಬೆಲ್ಟ್ ಜಾರುತ್ತದೆ, ಪುಲ್ಲಿಯ ಮೇಲೆ ಗೀರು ಬೀಳುತ್ತದೆ. ಒಮ್ಮೆ ಗೀರು ಬಿದ್ದ ಮೇಲೆ ಸರಿಯಾದ ಆಯಿಲ್ ಹಾಕಿದರೂ ಪ್ರಯೋಜನವಿಲ್ಲ. ಇದು ಒಂದೇ ದಿನದಲ್ಲಿ ಆಗುವುದಿಲ್ಲ. ಗಾಡಿ ಕೆಲವು ಕಾಲ ಚೆನ್ನಾಗಿಯೇ ಓಡುತ್ತದೆ. ಅದಕ್ಕೇ ಅಂಗಡಿಯವರಿಗೂ ತಮ್ಮ ಮಾತು ಸರಿ ಅನ್ನಿಸಿಬಿಡುತ್ತದೆ.

ಕಂಪನಿ ಒಂದೇ ಆದರೂ ಆಯಿಲ್ ಒಂದೇ ಅಲ್ಲ. ನಿಮ್ಮದಕ್ಕಿಂತ ಹಿಂದಿನ, 2008ರಿಂದ 2013ರವರೆಗಿನ ಸಿಟಿ ಆಟೋಮ್ಯಾಟಿಕ್‌ನಲ್ಲಿ ಐದು ಸ್ಪೀಡಿನ ಟಾರ್ಕ್ ಕನ್ವರ್ಟರ್ ಇತ್ತು. ಅದಕ್ಕೆ ಬೇಕಾದದ್ದು ಹೋಂಡಾದ ಡಿಡಬ್ಲ್ಯೂ-1. "ಹೋಂಡಾ ಸಿಟಿ ಆಟೋಮ್ಯಾಟಿಕ್ ಆಯಿಲ್ ಕೊಡಿ" ಅಂತ ಮಾತ್ರ ಕೇಳಿದರೆ ಅಂಗಡಿಯವರು ಇದನ್ನೇ ಕೊಟ್ಟಾರು. ಹುಂಡೈನಲ್ಲೂ ಹಾಗೇ, ಹಳೆಯ ನಾಲ್ಕು ಸ್ಪೀಡಿನದ್ದಕ್ಕೆ ಎಸ್‌ಪಿ-3, ಆಮೇಲಿನ ಆರು ಸ್ಪೀಡಿನದ್ದಕ್ಕೆ ಎಸ್‌ಪಿ-4. ಟೊಯೋಟಾದಲ್ಲಿ ಟಿ-4 ಬೇರೆ, ಇನೋವಾ ಕ್ರಿಸ್ಟಾಕ್ಕೆ ಹೋಗುವ ಡಬ್ಲ್ಯೂಎಸ್ ಬೇರೆ. ಡಬ್ಲ್ಯೂಎಸ್ ಹೆಚ್ಚು ತೆಳು. ಒಂದರ ಬದಲು ಇನ್ನೊಂದನ್ನು ಹಾಕುವಂತಿಲ್ಲ. ಹಾಗಾಗಿ ಅಂಗಡಿಯಲ್ಲಿ ಗಾಡಿಯ ಹೆಸರು ಹೇಳಬೇಡಿ, ಆಯಿಲ್‌ನ ಕೋಡ್ ಹೇಳಿ. ಆ ಕೋಡ್ ಓನರ್ಸ್ ಮ್ಯಾನ್ಯುಯಲ್‌ನ ಕೊನೆಯ ಭಾಗದಲ್ಲಿ, ಸ್ಪೆಸಿಫಿಕೇಶನ್ ಪುಟದಲ್ಲಿ ಇರುತ್ತದೆ. ಹಿಂದಿನ ಮಾಲೀಕರು ಪುಸ್ತಕ ಕೊಟ್ಟಿಲ್ಲದಿದ್ದರೆ ಹೋಂಡಾ ವೆಬ್‌ಸೈಟಿನಲ್ಲಿ ನೋಡಿ, ಇಲ್ಲವೇ ಚಾಸಿ ನಂಬರ್ ಹಿಡಿದು ಶೋರೂಮಿನ ಪಾರ್ಟ್ಸ್ ಕೌಂಟರಿನಲ್ಲಿ ಕೇಳಿ, ಹೇಳುತ್ತಾರೆ.

"ಮಲ್ಟಿ ವೆಹಿಕಲ್", ಅಂದರೆ ಹಲವು ಗಾಡಿಗೆ ನಡೆಯುತ್ತದೆ ಎಂದು ಬರೆದಿರುವ ಡಬ್ಬಿಯ ಬಗ್ಗೆಯೂ ಕೇಳಿದ್ದೀರಿ. ಎಲ್ಲವೂ ಕೆಟ್ಟದ್ದಲ್ಲ. ವಾರಂಟಿ ಮುಗಿದ ಹಳೆಯ ಟಾರ್ಕ್ ಕನ್ವರ್ಟರ್ ಗಾಡಿಗೆ, ಹೆಸರಾಂತ ಕಂಪನಿಯದ್ದಾಗಿದ್ದು ಡಬ್ಬಿಯ ಹಿಂದಿನ ಪಟ್ಟಿಯಲ್ಲಿ ನಿಮ್ಮ ಕೋಡ್ ಇದ್ದರೆ ನಾನೂ ಹಾಕುತ್ತೇನೆ. ಆದರೆ ಆ ಪಟ್ಟಿ ಆಯಿಲ್ ತಯಾರಿಸಿದವರ ಮಾತು, ಕಾರು ಕಂಪನಿಯ ಒಪ್ಪಿಗೆ ಅಲ್ಲ. "ಸೂಟಬಲ್ ಫಾರ್" ಅಂದರೂ ಅಷ್ಟೇ. ಸಿವಿಟಿಗೆ ಮಾತ್ರ ಈ ಲೆಕ್ಕಾಚಾರವೇ ಬೇಡ. ಉಳಿಯುವ ದುಡ್ಡು ಸಣ್ಣದು, ಗೇರ್‌ಬಾಕ್ಸ್ ಹೋದರೆ ಬರುವ ಖರ್ಚು ಬಹಳ ದೊಡ್ಡದು. ಶೋರೂಮ್ ಕೌಂಟರಿನಲ್ಲೇ ತಗೊಳ್ಳಿ, ಸೀಲ್ ನೋಡಿ, ಬಿಲ್ ಇಟ್ಟುಕೊಳ್ಳಿ.

ಈಗ ನಿಮ್ಮ ನಿಜವಾದ ತೊಂದರೆ: ಸರ್ವಿಸ್ ದಾಖಲೆ ಇಲ್ಲ, ಹಿಂದಿನವರು ಏನು ಹಾಕಿಸಿದ್ದರೋ ಗೊತ್ತಿಲ್ಲ. ಡ್ರೈನ್ ಬೋಲ್ಟ್ ಬಿಚ್ಚಿದರೆ ಹಳೆಯ ಆಯಿಲ್ ಪೂರ್ತಿ ಹೊರಬರುವುದಿಲ್ಲ. ಟಾರ್ಕ್ ಕನ್ವರ್ಟರ್ ಮತ್ತು ಒಳಗಿನ ದಾರಿಗಳಲ್ಲಿ ಸಾಕಷ್ಟು ಉಳಿಯುತ್ತದೆ (ನಿಮ್ಮ ಸಿವಿಟಿಯಲ್ಲೂ ಟಾರ್ಕ್ ಕನ್ವರ್ಟರ್ ಇದೆ). ಅದಕ್ಕೆ ಒಮ್ಮೆ ಬಸಿದು ಎಚ್‌ಸಿಎಫ್-2 ತುಂಬಿಸಿ, ಸ್ವಲ್ಪ ದಿನ ಓಡಿಸಿ, ಮತ್ತೆ ಬಸಿದು ತುಂಬಿಸಿ. ಪ್ರತಿ ಸಲ ಅರ್ಧ ಹೋಗುತ್ತದೆ ಅಂತ ಇಟ್ಟುಕೊಂಡರೆ, ಮೂರನೇ ಸಲಕ್ಕೆ ಹಳೆಯದು ಎಂಟರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಯಂತ್ರ ಹಚ್ಚಿ ಒತ್ತಡದಲ್ಲಿ ಫ್ಲಶ್ ಮಾಡಿಕೊಡುತ್ತೇವೆ ಅಂದರೆ ಒಪ್ಪಬೇಡಿ. ತಳದಲ್ಲಿ ಕೂತ ಕಸ ಎದ್ದು ಸಣ್ಣ ವಾಲ್ವ್‌ಗಳಲ್ಲಿ ಸಿಕ್ಕಿಕೊಳ್ಳುವ ಭಯವಿದೆ.

ಬಸಿದದ್ದನ್ನು ಎಸೆಯುವ ಮುನ್ನ ನೀವೇ ನಿಂತು ನೋಡಿ. ಕಪ್ಪಗಾಗಿ ಸುಟ್ಟ ವಾಸನೆ ಇದೆಯಾ, ಬೋಲ್ಟಿನ ಮ್ಯಾಗ್ನೆಟ್‌ಗೆ ಏನು ಅಂಟಿದೆ? ನುಣ್ಣನೆಯ ಬೂದು ಪೇಸ್ಟ್ ಇದ್ದರೆ ಸಹಜ ಸವೆತ. ಲೋಹದ ಚೂರು ಕಣ್ಣಿಗೆ ಕಂಡರೆ ಆಯಿಲ್ ಬದಲಿಸುವುದರಿಂದ ಅದು ಸರಿಹೋಗುವುದಿಲ್ಲ, ಗೇರ್‌ಬಾಕ್ಸ್ ಗೊತ್ತಿರುವವರಿಗೆ ತೋರಿಸಿ. ಬೋಲ್ಟಿನ ವಾಷರ್ ಹೊಸದೇ ಹಾಕಿಸಿ.

ಲೆವೆಲ್ ವಿಷಯದಲ್ಲಿ ಅವಸರ ಬೇಡ. ಬಿಸಿಯಾದಾಗ ಆಯಿಲ್ ಹಿಗ್ಗುತ್ತದೆ. ಗಾಡಿ ಸಮತಟ್ಟಾಗಿ ನಿಂತಿರಬೇಕು, ಮ್ಯಾನ್ಯುಯಲ್ ಹೇಳಿದಷ್ಟು ಬಿಸಿ ಇರಬೇಕು, ಆಗ ಅಳೆಯಬೇಕು. ಕಡಿಮೆಯಾದರೆ ಪಂಪ್ ಗಾಳಿ ಎಳೆಯುತ್ತದೆ, ಜಾಸ್ತಿಯಾದರೆ ನೊರೆ ಬರುತ್ತದೆ, ಎರಡರಲ್ಲೂ ಒತ್ತಡ ಕುಸಿಯುತ್ತದೆ.

ಕೊನೆಗೆ, ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಎಂದಿದ್ದೀರಿ. ಮ್ಯಾನ್ಯುಯಲ್‌ನಲ್ಲಿರುವ ಅಂಕಿಯೇ ಸರಿ. ಆದರೆ ಗುಡ್ಡದ ದಾರಿ, ಧೂಳು, ಭಾರ, ನಿಂತು ನಿಂತು ಸಾಗುವ ಟ್ರಾಫಿಕ್ಕು ಇದ್ದರೆ ಬೇಗ ಬದಲಿಸುವುದು ಒಳ್ಳೆಯದು. ನೀವು ತಿಂಗಳಿಗೆರಡು ಸಲ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದು ಅಂಕೋಲಾಕ್ಕೆ ಹೋಗುತ್ತೇನೆ ಅಂದಿದ್ದೀರಲ್ಲ, ವಾಪಸ್ ಹತ್ತುವಾಗ ಆಯಿಲ್ ಬಹಳ ಕಾಯುತ್ತದೆ. ನನ್ನ ಮಟ್ಟಿಗೆ ನಿಮ್ಮದು ಬೇಗ ಬದಲಿಸಬೇಕಾದ ಗಾಡಿಗಳ ಸಾಲಿಗೇ ಸೇರುತ್ತದೆ. ಈ ಸಲ ಹಾಕಿಸಿದ ದಿನ ಮೀಟರ್ ಎಷ್ಟಿತ್ತು, ಯಾವ ಕೋಡಿನ ಆಯಿಲ್, ಎಷ್ಟು ಲೀಟರ್ ಹೋಯಿತು ಎಂದು ಬರೆದು ಬಿಲ್ ಜೊತೆ ಡ್ಯಾಶ್‌ಬೋರ್ಡಿನ ಖಾನೆಯಲ್ಲಿಡಿ.